ಅಮೃತಪ್ಪನ ಉಸಿರಿನ ಲೆಕ್ಕ

ಅಮೃತಪ್ಪನಿಗೆ ಹೊಟ್ಟೆನೋವು ಬಂದದ್ದು ದೊಡ್ಡ ಮಾತಲ್ಲ. ಅದು ಶ್ರಾವಣದ ಏಳು ದಿನದ ಭಜನೆ ನಡೆದಿರುವಾಗ ಬಂತಲ್ಲ, ಅದೇ ಅವನಿಗೆ ತಡೆಯಲಾಗದ ಮಾತು. ಬರುವ ನೋವು ಹೇಳಿ ಕೇಳಿ ಬರುತ್ತದೆಯೇ? ಆದರೆ ಅಮೃತಪ್ಪನ ಲೆಕ್ಕವೇ ಬೇರೆ. ಕಾಗಿಣಾ ಹೊಳೆಯ ದಂಡೆಯ ಆ ಊರಿಗೆ ಮಳೆ ಬರಲಿ, ಬೀಗರು ಬರಲಿ, ಜ್ವರವೇ ಬರಲಿ, ಎಲ್ಲವೂ ಭಜನೆಯ ವೇಳೆ ಬಿಟ್ಟು ಬರಬೇಕು.

ಹನುಮಂತದೇವರ ಗುಡಿಯಲ್ಲಿ ಹಗಲೂ ರಾತ್ರಿ ದನಿ ಕಡಿಯದಂತೆ ಪಾಳಿಯ ಮೇಲೆ ಹಾಡುವ ಭಜನೆ ಅದು. ಒಬ್ಬರು ಎದ್ದರೆ ಇನ್ನೊಬ್ಬರು ಕೂಡಬೇಕು, ತಾಳ ನೆಲ ಮುಟ್ಟಬಾರದು. ಕಡೆಯ ದಿನ ಮಂಗಳದ ಪದ ಹಾಡುವವನು ಮಾತ್ರ ಒಬ್ಬನೇ, ಅಮೃತಪ್ಪ. ಪದವೂ ದೊಡ್ಡದಲ್ಲ, ಮಂಡಳಿಯವರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ನಾಲ್ಕು ಸಾಲು:

ಫರಸಿ ಹಾಸಿದ ಮನಿ ಪರದೇಸಿ ನಿಂದಲ್ಲ
ಬಾಡಿಗಿ ಬಿಟ್ಟು ನೀ ಇರಬ್ಯಾಡೋ
ಒಡೆಯ ಬಂದು ಬಾಗಿಲ ಬಡಿಯೂದಕಿಂತ ಮೊದಲ
ಒಳಗಿನ ಕಸ ಗುಡಿಸಿ ಇಡು ನೋಡೋ

ಕೊನೆಯ ಎರಡು ಸಾಲನ್ನು ಅಮೃತಪ್ಪ ಒಂದೇ ಉಸಿರಿನಲ್ಲಿ ಎಳೆದು, ಸುತ್ತಿ, ಮೇಲೆ ಒಯ್ದು ಇಳಿಸುತ್ತಿದ್ದ. ಅವನು ಇಳಿಸುವವರೆಗೆ ಕೂತ ಜನವೂ ಉಸಿರು ಹಿಡಿಯುತ್ತಿತ್ತು. ವಾಡಿ ಊರಿನ ಗುರುಲಿಂಗಯ್ಯ ಹಾರ್ಮೋನಿಯಂ ಪೇಟಿ ಚೆನ್ನಾಗಿ ಬಾರಿಸುತ್ತಿದ್ದ, ದನಿಯೂ ಇತ್ತು. ಆದರೆ ಆ ಜಾಗದಲ್ಲಿ ಅವನ ಉಸಿರು ಎರಡು ತುಂಡಾಗುತ್ತಿತ್ತು. ಆ ಒಂದು ತುಂಡಿನ ಬಲದ ಮೇಲೆ ಅಮೃತಪ್ಪ ಎಷ್ಟೋ ಶ್ರಾವಣ ಮೀಸೆ ತಿರುವಿದ್ದ.

ಅವನ ಹೆಂಡತಿ ನಾಗರತ್ನಮ್ಮ ಹೆಂಗಸರು ಕೂಡುವ ಕಡೆಯ ಕಂಬಕ್ಕೆ ಒರಗಿ ಕೇಳುವವಳು. ಹಾಡುವವಳಲ್ಲ. ಮದುವೆಯಾದ ಹೊಸತರಲ್ಲಿ ರೊಟ್ಟಿ ಬಡಿಯುತ್ತ ಒಂದು ಪದ ಹಾಡಿಕೊಂಡಿದ್ದಳು. ಹೊರಗೆ ಕಟ್ಟೆಯ ಮೇಲಿದ್ದ ಗಂಡ ಅಲ್ಲಿಂದಲೇ ಮೂರು ಕಡೆ ತಿದ್ದಿದ. ರೊಟ್ಟಿ ಕರಕಾಯಿತು, ಅಂದಿನಿಂದ ಪದ ಒಳಗೇ ಉಳಿಯಿತು. ತಪ್ಪು ಸಾಲು ಕೇಳಿದರೆ ಅಮೃತಪ್ಪನಿಗೆ ಕಿವಿಯಲ್ಲಿ ಇರುವೆ ಹೊಕ್ಕ ಹಾಗೆ. ಬಸ್ಸಿನಲ್ಲಿ ತಿದ್ದಿದ್ದಾನೆ, ಬೀಗರ ಮನೆಯಲ್ಲಿ ತಿದ್ದಿದ್ದಾನೆ, ಒಮ್ಮೆ ಹೆಣದ ಮುಂದಿನ ಭಜನೆಯಲ್ಲೂ ಎದ್ದು ನಿಂತು ತಿದ್ದಿದ್ದಾನೆ. ಅವತ್ತು ಬೇಸರ ಮಾಡಿಕೊಳ್ಳದವನೆಂದರೆ ಸತ್ತವನೊಬ್ಬನೇ.

ಇಂಥವನಿಗೆ ಮಂಗಳಕ್ಕೆ ಇನ್ನು ಎರಡು ದಿನ ಇದೆ ಅನ್ನುವಾಗ ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡಿತು. ಹಿಡಿದದ್ದು ಬೆನ್ನಿನವರೆಗೆ ತೂರಿತು. ಓಮಿನ ನೀರು ಕುಡಿದ, ಸೋಡಾ ಕುಡಿದ, ಕುಡಿದದ್ದನ್ನೆಲ್ಲ ಕಾರಿದ. ನೆಟ್ಟಗೆ ಮಲಗಲಾರದೆ, ಪೇಟಿ ಬಾರಿಸುವವನ ಹಾಗೆ ಮುಂದಕ್ಕೆ ಬಾಗಿ ಕೂತು ರಾತ್ರಿ ಕಳೆದ. ಬೆಳಗಾಗುತ್ತಲೇ ನಾಗರತ್ನಮ್ಮ ಒಂದು ಮಾತೂ ಕೇಳದೆ ಆಟೋ ತರಿಸಿದಳು.

"ಗ್ಯಾಸ್ ಅದ. ಹೊತ್ತು ಮುಣಗೂದರಾಗ ಬಂದುಬಿಡ್ತೀನಿ," ಎಂದು ಮಂಡಳಿಯವರಿಗೆ ಹೇಳಿ ಅಮೃತಪ್ಪ ಆಟೋ ಹತ್ತಿದ.

ಸೇಡಮ್ಮಿನ ದವಾಖಾನೆಯಲ್ಲಿ ಆವತ್ತು ಇದ್ದ ಡಾಕ್ಟರು ಲುಂಬಿನಿ. ಚಿತ್ತಾಪುರದ ಹುಡುಗಿ, ವಯಸ್ಸು ಸಣ್ಣದು, ಮಾತು ಚುರುಕು. ಬಂದವಳೇ ಅವನ ಹೊಟ್ಟೆಯ ಮೇಲೆ ಮೆತ್ತಗೆ ಕೈ ಇಟ್ಟು ಕೇಳಿದಳು:

"ಎಲ್ಲಿ ನೋಯ್ಲಿಕತ್ತದ, ಅಜ್ಜಾ?"

ಅಮೃತಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ಅಜ್ಜ ಯಾರೂ ಕಾಣಲಿಲ್ಲ.

"ಯಾರಿಗಿ ಕೇಳ್ಲಿಕತ್ತೀರಿ, ಡಾಕ್ಟರ್‌ಬಾಯಿ?"

ಪಕ್ಕದ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಬ್ದುಲ್ ಕರೀಮ್ ಕಿಸಕ್ಕೆಂದ. ಶಹಾಬಾದಿನಿಂದ ಫರಸಿ ಕಲ್ಲಿನ ಲಾರಿ ಹೊಡೆಯುವವನು ಅವನು. ಕಾಲು ಮುರಿದಿತ್ತೇ ಹೊರತು ಬಾಯಿಗೆ ಏನೂ ಆಗಿರಲಿಲ್ಲ.

"ಹೋಗ್ಲಿ, ಕಾಕಾ ಅಂತೀನಿ," ಲುಂಬಿನಿ ನಕ್ಕಳು. "ಕುಡಿಯೂದು ಅದ ಏನ್ರಿ, ಕಾಕಾ?"

"ಅದ. ಚಾ."

"ಚಾ ಅಲ್ರಿ."

"ಮಜ್ಜಿಗಿನೂ ಕುಡೀತೀನಿ."

"ಅಮೃತಪ್ಪ ಭಾಯ್," ಅಬ್ದುಲ್ ಕರೀಮ್ ಅಂದ, "ಅವರು ಕೇಳ್ಲಿಕತ್ತದ್ದು ರಾತ್ರಿ ಕುಡಿಯೂದು."

"ರಾತ್ರಿ ಹಾಲು!" ಎಂದು ಅಮೃತಪ್ಪ ಕೆರಳಿದ. ಕೆರಳಿದ್ದಕ್ಕೆ ನೋವು ಒಳಗೆ ಒಂದು ಚುಚ್ಚು ಚುಚ್ಚಿತು.

ರಕ್ತ ತೆಗೆದರು, ಎದೆಯ ಎಕ್ಸ್‌ರೇ ಆಯಿತು, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಆಯಿತು. ಬಾಯಿಗೆ ಏನೂ ಕೊಡಬೇಡಿ ಎಂದು ಹೇಳಿ ಕೈಗೆ ಸಲಾಯನ್ ಹಚ್ಚಿದರು. ಪರೀಕ್ಷೆಯ ಫಲಿತಾಂಶವೆಲ್ಲ ಬಂದ ಮೇಲೆ ಲುಂಬಿನಿ ಒಂದು ಸ್ಟೂಲು ಎಳೆದುಕೊಂಡು ಗಂಡ ಹೆಂಡತಿ ಇಬ್ಬರಿಗೂ ಕೇಳುವ ಹಾಗೆ ಕೂತಳು.

"ನೋಡ್ರಿ ಕಾಕಿ, ಇದು ಗ್ಯಾಸ್ ಅಲ್ಲ. ಹೊಟ್ಟಿ ಹಿಂದ, ಬೆನ್ನಿಗಿ ಹತ್ತಿ, ಮೇದೋಜೀರಕ ಅಂತ ಒಂದು ಗ್ರಂಥಿ ಇರ್ತದ. ಉಂಡ ಅನ್ನ ಕರಗಸೋ ರಸ ಅಲ್ಲಿಂದ ಬರ್ತದ. ಪಿತ್ತದ ಕಲ್ಲು ಒಂದು ಜಾರಿ ಆ ದಾರಿಗಿ ಅಡ್ಡ ಬಂದದ. ರಸ ಹೊರಗ ಹೋಗಲಾರದ ತನ್ನ ಮನಿ ತಾನೇ ಕರಗಸ್ಲಿಕತ್ತದ."

"ಯವ್ವಾ!" ನಾಗರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಂಜಬ್ಯಾಡ್ರಿ. ಭಾಳ ಮಂದಿಗಿ ಸಲಾಯನ್ ಮ್ಯಾಲೇ ಕಡಿಮಿ ಆಗ್ತದ. ಕೆಲವರಿಗಿ ಮಾತ್ರ ಎರಡನೇ ದಿನ, ಮೂರನೇ ದಿನ ಒಮ್ಮೆಲೆ ಕೆಡ್ತದ. ಉಸಿರು, ಮೂತ್ರಪಿಂಡ ಎಲ್ಲಾ ಕೈ ಕೊಡ್ತಾವ. ಯಾರಿಗಿ ಕೆಡ್ತದ ಅಂತ ಮೊದಲೇ ಅಂದಾಜು ಮಾಡ್ಲಿಕ್ಕೆ ಐದು ಮಾತು ನೋಡ್ತೀವಿ. ರಕ್ತದಾಗ ಯೂರಿಯಾ ಏರ್ಯದೋ. ಮನುಷ್ಯಾ ಶುದ್ಧಿ ಮ್ಯಾಲ ಅದಾನೋ ಇಲ್ಲೋ. ವಯಸ್ಸು ಅರವತ್ತು ದಾಟ್ಯದೋ. ಎದಿ ಪೊರ್‍ಯಾಗ ನೀರು ನಿಂತದೋ. ಕಡೀದು, ಜ್ವರ, ನಾಡಿ, ಉಸಿರು, ರಕ್ತದಾಗಿನ ಬಿಳಿಕಣ, ಈ ನಾಕರಾಗ ಎರಡು ದಾರಿ ತಪ್ಯಾವೋ. ಒಂದೊಂದಕ್ಕ ಒಂದೊಂದು ಅಂಕಿ. ಎರಡರತನ ಇದ್ರ ಇಲ್ಲೇ ಇಟ್ಕೊಂಡು ನೋಡ್ತೀನಿ. ಮೂರು ಆದ್ರ ಜೀವಕ್ಕ ಜೋಖಿಮ, ಕೆಡೂ ಮೊದಲೇ ಕಲಬುರಗಿಗಿ ಕಳಸ್ತೀನಿ."

ಇಷ್ಟು ಮಾತಿನಲ್ಲಿ ನಾಗರತ್ನಮ್ಮನ ಕಿವಿಗೆ ಬಿದ್ದದ್ದು 'ಜೀವಕ್ಕ' ಎಂಬುದೊಂದೇ. ಅಮೃತಪ್ಪನ ಕಿವಿಗೆ ಬಿದ್ದದ್ದು 'ಕಲಬುರಗಿ' ಎಂಬುದೊಂದೇ. ಸೇಡಮ್ಮಿನಿಂದಾದರೆ ನಾಳೆ ಹೇಗಾದರೂ ಒಂದು ತಾಸು ಊರಿಗೆ ಹೋಗಿ ಮಂಗಳ ಹಾಡಿ ಬರಬಹುದು, ಸೂಜಿ ಕೈಯಲ್ಲಿದ್ದರೂ ಇರಲಿ, ಹಾಡುವುದು ಬಾಯಿ. ಕಲಬುರಗಿಗೆ ಹೋದರೆ ಮುಗಿಯಿತು, ಗುರುಲಿಂಗಯ್ಯನ ಭಾಗ್ಯ ತೆರೆಯಿತು. ಪಾಪ, ಆ ಡಾಕ್ಟರು ಹುಡುಗಿ ರೋಗಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ಕಲಿತು ಬಂದವಳು. ಹೇಳಿದ್ದು ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆ ಕೊಟ್ಟ ಹಾಗಾಯಿತೆಂದು ಅವಳಿಗೇನು ಗೊತ್ತು?

"ಯೂರಿಯಾ ಏರ್ಯದ. ಅದಕ್ಕ ಒಂದು," ಎಂದಳು ಲುಂಬಿನಿ. "ಎದ್ಯಾಗ ನೀರಿಲ್ಲ, ಚಲೋ ಆಯ್ತು. ಈಗ ಹೇಳ್ರಿ ಕಾಕಾ, ನೀವು ಎಲ್ಲಿ ಅದೀರಿ?"

"ಕಲಬುರಗಿ ಜಿಲ್ಲಾ, ಸೇಡಂ ತಾಲೂಕಾ, ಸೇಡಂ ಊರು, ದವಾಖಾನಿ, ಕಿಡಕಿ ಬಾಜೂಕಿನ ಮಂಚ."

"ಇವತ್ತ ಏನು ವಾರ?"

"ಆಯ್ತವಾರ. ಶ್ರಾವಣ. ತಿಥಿ ಹೇಳ್ಲ್ಯಾ? ನಕ್ಷತ್ರ ಹೇಳ್ಲ್ಯಾ?"

"ಬ್ಯಾಡ್ರಿ, ನನಗೇ ಗೊತ್ತಿಲ್ಲ. ಶುದ್ಧಿ ಬರೋಬರಿ ಅದ. ವಯಸ್ಸು?"

"ಐವತ್ತೆಂಟು." ತಡವೇ ಇಲ್ಲ. "ಆಧಾರ್ ನೋಡ್ರಿ. ಜನವರಿ ಒಂದು."

"ಜನವರಿ ಒಂದು ಏನು ಕೇಳ್ತೀರಿ! ನಮ್ಮ ಕಡಿ ಅರ್ಧ ಮಂದಿ ಅವತ್ತೇ ಹುಟ್ಯಾರ." ಲುಂಬಿನಿ ನಾಗರತ್ನಮ್ಮನ ಕಡೆ ತಿರುಗಿದಳು. "ಕಾಕಿ, ಖರೆ ಎಷ್ಟು?"

ನಾಗರತ್ನಮ್ಮ ನೆಲ ನೋಡಿದಳು. ಗಂಡನ ಹೆಸರು ಹೇಳಬಾರದು, ವಯಸ್ಸು ಎಣಿಸಬಾರದು, ಎಣಿಸಿದರೆ ಆಯುಷ್ಯ ಸವೆಯುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹೇಳದೆ ಹೋದರೆ ಈ ಹುಡುಗಿಯ ಲೆಕ್ಕ ತಪ್ಪುತ್ತದೆ. ಯಾವ ಕಡೆಯಿಂದ ನೋಡಿದರೂ ಸವೆಯುವುದು ಅದೇ ಆಯುಷ್ಯ.

ಲುಂಬಿನಿಗೆ ಇಂಥ ಮೌನ ಹೊಸದಲ್ಲ. ಅವಳ ಅಜ್ಜಿ ಅನಸುಬಾಯಿಯೂ ಗಂಡನ ಹೆಸರು ಕೇಳಿದರೆ ಗೋಡೆಯ ಮೇಲಿನ ಫೋಟೋ ತೋರಿಸುವವಳೇ. ಆ ದಾರಿ ಬಿಟ್ಟು ಬೇರೆ ಓಣಿ ಹಿಡಿದಳು.

"ಮಕ್ಕಳಾಗ ದೊಡ್ಡವರು ಯಾರ್ರಿ?"

"ಮಗಳು, ಯವ್ವಾ, ಚಿಂಚೋಳ್ಯಾಗ ಇರ್ತಾಳ. ನಲವತ್ತಮೂರು ನಡದದ ಆಕಿಗಿ, ಮೊನ್ನೆ ಮೊಮ್ಮಗ ಹುಟ್ಯಾನ."

"ಹೌದಾ! ಭಾಳ ಖುಷಿ. ಮದುವಿ ದಿನ ಕಾಕಾಗ ಮೀಸಿ ಇತ್ತೇನ್ರಿ, ಇಲ್ಲಾ ಆಮ್ಯಾಲ ಬಿಟ್ಟಾರ?"

ನಾಗರತ್ನಮ್ಮನ ಮುಖ ಆ ದಿನದ ಕಡೆ ಹೋಗಿಬಿಟ್ಟಿತು. "ಇರ್ಲಿಲ್ಲೇನವಾ! ಲಿಂಬಿಹಣ್ಣು ನಿಂದ್ರಸೂವಂಥ ಮೀಸಿ. ನಮ್ಮವ್ವ ನೋಡಿ ಅಂಜಿದ್ಳು."

"ಕೇಳ್ರಿ, ಕರೀಮ್ ಚಾಚಾ," ಲುಂಬಿನಿ ಪಕ್ಕದ ಮಂಚವನ್ನು ಸಾಕ್ಷಿಗೆ ಕರೆದಳು. "ಕಾಕಾ ಐವತ್ತೆಂಟು, ಮಗಳು ನಲವತ್ತಮೂರು. ಹದಿನಾಕು ವರ್ಷದ ಹುಡುಗನ ಮೀಸಿ ಮ್ಯಾಲ ಲಿಂಬಿಹಣ್ಣು!"

"ತೋಬಾ ತೋಬಾ! ಆ ವಯಸ್ಸಿನ್ಯಾಗ ನನ್ನ ಮೂಗಿನ ಮ್ಯಾಲ ಶಿಂಬಳ ನಿಂತಿತ್ತು!"

ವಾರ್ಡಿಗೆ ವಾರ್ಡೇ ನಕ್ಕಿತು. ಅಮೃತಪ್ಪ ಹೆಂಡತಿಯನ್ನು ನೋಡಿದ ನೋಟಕ್ಕೆ ಸಲಾಯನ್ ಬಾಟಲಿಯಲ್ಲಿ ಗುಳ್ಳೆ ಎದ್ದಿರಬೇಕು.

"ವಯಸ್ಸಿಗಿ ಒಂದು. ಎರಡಾದ್ವು," ಎಂದು ಲುಂಬಿನಿ ಎದ್ದಳು. "ಬಿಳಿಕಣ ಸರಿ ಅದಾವ, ಜ್ವರ ಇಲ್ಲ. ನಾಡಿ ಜೋರದ, ಆ ನಾಕರಾಗ ಅದೊಂದು ತಪ್ಯದ. ಉಸಿರೂ ತಪ್ಪಿದ್ರ ಮೂರನೇ ಅಂಕಿ, ಅದನ್ನ ಎಣಸ್ಬೇಕು. ಅಂಬರೇಶ ಬಂದು ನೋಡ್ತಾರ."

ಅವಳು ಅತ್ತ ಹೋದದ್ದೇ ಅಮೃತಪ್ಪ ಹೆಂಡತಿಯನ್ನು ಹತ್ತಿರ ಕರೆದ.

"ಮೀಸಿ ಸುದ್ದಿ ಹೇಳಿ ಒಂದು ಅಂಕಿ ಏರಿಸಿದಿ. ಸಾಕು. ನನ್ನ ಮೈ ಬಗ್ಗೆ ಇನ್ನ ಒಂದು ಮಾತು ಯಾರ ಮುಂದರ ಆಡಿದ್ರ, ನನ್ನ ಆಣಿ ಅದ ನೋಡು."

"ಹಂಗ್ಯಾಕ ಆಣಿ ಇಡ್ತೀರಿ, ಬಿಡ್ರಿ…"

"ಇಟ್ಟಾತು!"

ಇಟ್ಟ ಆಣೆ ಮುರಿದರೆ ಯಾರ ಮೇಲೆ ಇಟ್ಟಿದೆಯೋ ಅವರಿಗೇ ತಟ್ಟುತ್ತದೆ. ಇದು ನಾಗರತ್ನಮ್ಮನಿಗೆ ಬೆಂಕಿ ಸುಡುತ್ತದೆ ಅನ್ನುವಷ್ಟು ಖರೆ. ತುಟಿ ಹೊಲಿದುಕೊಂಡು ಸ್ಟೂಲಿನ ಮೇಲೆ ಕೂತಳು.

ದವಾಖಾನೆಯ ನರ್ಸು ಅಂಬರೇಶ ಕೈಗಡಿಯಾರ ನೋಡಿಕೊಳ್ಳುತ್ತ ಬಂದ. ಅವನು ಬರುವುದನ್ನು ಕಂಡದ್ದೇ ಅಮೃತಪ್ಪ ಕಣ್ಣು ಮುಚ್ಚಿದ, ಮಂಗಳಕ್ಕೆ ಕೂತವನ ಹಾಗೆ. ನಾಲ್ಕು ದಶಕ ಉಸಿರನ್ನು ಕುದುರೆಯ ಹಾಗೆ ಲಗಾಮು ಹಾಕಿ ತಿದ್ದಿದವನು ಅವನು. ಎಳೆದ, ಹಿಡಿದ, ನೂಲಿನ ಹಾಗೆ ಬಿಟ್ಟ. ಎದೆ ಏರಿದ್ದೂ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ.

"ಹದಿನಾರು. ಮಸ್ತ್ ಅದ," ಎಂದು ಅಂಬರೇಶ ಮುಂದಿನ ಮಂಚಕ್ಕೆ ಹೋದ.

ಅವನ ಬೆನ್ನು ಕಂಡದ್ದೇ ಅಮೃತಪ್ಪ ಗೋಡೆಯ ಕಡೆ ಹೊರಳಿದ. ಆ ಕಡೆ ಸ್ಟೂಲಿನ ಮೇಲೆ ಕೂತ ಹೆಂಡತಿಗಲ್ಲದೆ ಇನ್ನಾರಿಗೂ ಅವನ ಮುಖ ಕಾಣುತ್ತಿರಲಿಲ್ಲ. ಹಿಡಿದಿಟ್ಟ ಉಸಿರೆಲ್ಲ ಒಡ್ಡು ಒಡೆದ ಹಾಗೆ ನುಗ್ಗಿತು. ಏರುಗಟ್ಟೆ ಹತ್ತಿದ ಎತ್ತಿನ ಹಾಗೆ ತೇಕಿದ. ಗಂಟಲ ಕುಳಿ ಒಳಕ್ಕೆ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು.

ನಾಗರತ್ನಮ್ಮನಿಗೆ ಆ ಉಸಿರು ಗೊತ್ತು. ನಿದ್ದೆಯ ಉಸಿರು, ಸಿಟ್ಟಿನ ಉಸಿರು, ಪದ ನೆನಪಿಸಿಕೊಳ್ಳುವಾಗಿನ ಉಸಿರು, ಎಲ್ಲವನ್ನೂ ಅವಳು ಒಂದೇ ಕೌದಿಯೊಳಗೆ ಕೇಳಿದವಳು. ಇದು ಅದ್ಯಾವುದೂ ಅಲ್ಲ. ಇದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಸ್ಟೂಲು ಮುಂದಕ್ಕೆ ಎಳೆದುಕೊಂಡಳು.

"ಹೇಳಿಬಿಡ್ತೀನ್ರಿ," ಎಂದಳು ಪಿಸುದನಿಯಲ್ಲಿ.

"ಆಣಿ," ಎಂದ ಅವನು, ಆ ಎರಡಕ್ಷರದ ನಡುವೆ ಒಂದು ಉಸಿರು ಎಳೆದು.

ಮಧ್ಯಾಹ್ನ ಇಳಿದ ಮೇಲೆ ಲುಂಬಿನಿ ಮತ್ತೆ ಬಂದಳು. ನಾಡಿ ಹಿಡಿದಳು, ಹುಬ್ಬು ಗಂಟಿಕ್ಕಿದಳು. ಅಮೃತಪ್ಪ ಆಗಲೇ ಕಣ್ಣು ಮುಚ್ಚಿ ತಪಸ್ಸಿಗೆ ಇಳಿದಿದ್ದ. ಅವಳೇ ನಿಂತು ಒಂದು ನಿಮಿಷ ಎಣಿಸಿದಳು. ಹದಿನೈದು.

"ಇದೇನ್ರಿ ಇದು! ನಾಡಿ ಕುದುರಿಯಂಗ ಓಡ್ಲಿಕತ್ತದ, ಉಸಿರು ಮಾತ್ರ ಎಮ್ಮಿಯಂಗ ಮೆಲುಕು ಹಾಕ್ಲಿಕತ್ತದ. ಹೊಟ್ಟಿ ಇಷ್ಟು ನೋಯೂವಾಗ ಯಾರೂ ಹಿಂಗ ಉಸಿರಾಡಂಗಿಲ್ಲ."

"ಭಜನಿ ಮಾಡ್ತೀನ್ರಿ," ಅಮೃತಪ್ಪ ಕಣ್ಣು ತೆರೆಯದೆ ಅಂದ, ಎರಡೇ ಪದದಲ್ಲಿ.

"ಅವನಿಗಿ ಕಡಿಮಿ ಮಾರ್ಕ್ ಬಿದ್ರ ಖುಷಿ, ನೋಡ್ರಿ," ಅಬ್ದುಲ್ ಕರೀಮ್ ಎದ್ದು ಕೂತ. "ನಾ ಸಾಲ್ಯಾಗ ಬರೇ ಅಂಥಾವೇ ತಗೊಂಡೀನಿ, ಒಬ್ಬ ಮಾಸ್ತರನೂ ಮಸ್ತ್ ಅನ್ಲಿಲ್ಲ."

ಲುಂಬಿನಿ ನಕ್ಕಳು, ಆದರೆ ಪೂರ್ತಿ ನಗಲಿಲ್ಲ. "ಎರಡೇ ಆಯ್ತು. ಇವತ್ತ ಇಲ್ಲೇ ಇರ್ಲಿ. ರಾತ್ರಿ ಮತ್ತ ನೋಡ್ತೀನಿ, ನಾಳಿ ಮತ್ತ ರಕ್ತ ತಗೋತೀವಿ." ಆದರೂ ಹೋಗಲಿಲ್ಲ, ಸಲಾಯನ್ನಿನ ಗಾಲಿ ತಿರುವುತ್ತ ನಿಂತಳು.

ಅಮೃತಪ್ಪನ ಮೀಸೆಯ ತುದಿ ಕೂದಲೆಳೆಯಷ್ಟು ಮೇಲೆದ್ದಿತು.

ನಾಗರತ್ನಮ್ಮ ಆ ಮೀಸೆಯನ್ನೂ ನೋಡಿದಳು, ಗಂಟಲ ಕುಳಿಯನ್ನೂ ನೋಡಿದಳು. ಈ ಹುಡುಗಿ ಅತ್ತ ಹೋದರೆ ರಾತ್ರಿಯವರೆಗೆ ಬರುವುದಿಲ್ಲ. ಎರಡನೇ ದಿನ ಒಮ್ಮೆಲೆ ಕೆಡುತ್ತದೆ ಎಂದು ಅವಳೇ ಹೇಳಿದ್ದಾಳೆ. ಮಾತಾಡಬಾರದೆಂದು ಆಣೆ. ಮೈ ಬಗ್ಗೆ ಒಂದು ಮಾತೂ ಕೂಡದು. ಹನುಮಂತದೇವರೇ, ಮಾತಲ್ಲದ್ದು ಏನಿದೆ ನನ್ನ ಬಾಯಿಯಲ್ಲಿ?

ಇತ್ತು. ಎಷ್ಟೋ ವರ್ಷದಿಂದ ಇತ್ತು.

ಸೆರಗು ತಲೆಯ ಮೇಲೆ ಎಳೆದುಕೊಂಡು, ಕಿಟಕಿಯ ಕಡೆ ನೋಡುತ್ತ, ಅಕ್ಕಿ ಆರಿಸುವವಳ ಹಾಗೆ ಸಣ್ಣ ದನಿಯಲ್ಲಿ ಸುರು ಮಾಡಿದಳು:

"ಫರಸಿ ಹಾಸಿದ ಮನಿ ಪರದೇಸಿ ನಿಂದಲ್ಲ
ಬಾಡಿಗಿ ಬಿಟ್ಟು ನೀ ಇರಬ್ಯಾಡೋ…"

ಒಂದಕ್ಷರವೂ ತಪ್ಪಲಿಲ್ಲ. ಅಮೃತಪ್ಪನ ಕಣ್ಣು ತೆರೆಯಿತು. ಹೆಂಡತಿ ಹಾಡುತ್ತಿದ್ದಾಳೆ! ಅದೂ ಮಂಗಳದ ಪದ, ಅದೂ ಮಂಗಳಕ್ಕಿಂತ ಮೊದಲು!

"ಒಡೆಯ ಬಂದು ಬಾಗಿಲ ಬಡಿದ ಮ್ಯಾಲ ಎದ್ದು
ಒಳಗಿನ ಕಸ ಗುಡಿಸಿದರಾಯ್ತೋ…"

"ಏ!" ಅಮೃತಪ್ಪ ಮೊಣಕೈ ಊರಿ ಎದ್ದ. "ಏನದು? ಬಡಿದ ಮ್ಯಾಲ ಏನದು?"

ನಾಗರತ್ನಮ್ಮ ಕೇಳಿಸದವಳ ಹಾಗೆ ಇನ್ನೊಮ್ಮೆ, ಇನ್ನಷ್ಟು ಆರಾಮಾಗಿ ಅಂದಳು: "ಬಡಿದ ಮ್ಯಾಲ ಎದ್ದು…"

"ಬಡಿದ ಮ್ಯಾಲ ಅಲ್ಲ! ಬಡಿದ ಮ್ಯಾಲ ಗುಡಿಸ್ತಾರೇನು ಯಾರರ? ಪದದ ಜೀವಾನೇ ತೆಗದಿ ನೀ! ಕೇಳು: ಒಡೆಯ ಬಂದು…" ಒಂದು ಉಸಿರು. "ಬಾಗಿಲ ಬಡಿ…" ಇನ್ನೊಂದು. "ಬಡಿಯೂದಕಿಂತ…" ಮತ್ತೊಂದು. "ಮೊದ… ಮೊದಲ…"

ಮುಂದಿನ ಸಾಲು ಬರಲಿಲ್ಲ. ಬಾಯಿ ತೆರೆದೇ ಇತ್ತು. ಲಗಾಮು ಕೈಯಿಂದ ಜಾರಿತ್ತು. ಹೆಗಲು ಏರಿ ಏರಿ ಇಳಿಯುತ್ತಿದ್ದವು, ಗಂಟಲ ಕುಳಿ ಎಲ್ಲರಿಗೂ ಕಾಣುವ ಹಾಗೆ ಒಳಬಿದ್ದಿತ್ತು. ಅಂಬರೇಶ ಓಡಿ ಬಂದು ಅವನ ತಲೆದಿಂಬು ಏರಿಸಿದ. ಲುಂಬಿನಿ ಒಂದು ಕೈಯೆತ್ತಿ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು. ಇನ್ನೊಂದು ಕೈ ಸಲಾಯನ್ನಿನ ಗಾಲಿಯ ಮೇಲೇ ಇತ್ತು, ಆದರೆ ಕಣ್ಣು ಗೋಡೆಯ ಗಡಿಯಾರದಿಂದ ಅಮೃತಪ್ಪನ ಎದೆಗೆ, ಎದೆಯಿಂದ ಗಡಿಯಾರಕ್ಕೆ ಹೋಗುತ್ತಿತ್ತು. ಮೊದಲ ತುಂಡು ಉಸಿರಿಗೇ ಅವಳಿಗೆ ಗೊತ್ತಾಗಿತ್ತು. ಒಂದು ಪೂರ್ತಿ ನಿಮಿಷ ವಾರ್ಡಿನಲ್ಲಿ ಅವನ ತೇಕು ಬಿಟ್ಟು ಬೇರೆ ಸಪ್ಪಳವಿರಲಿಲ್ಲ.

"ಇಪ್ಪತ್ತೆಂಟು. ಮೂರಾದ್ವು," ಎಂದಳು. "ಅಂಬರೇಶ್, ಆಕ್ಸಿಜನ್ ಹಚ್ರಿ. ಡ್ರೈವರ್ ಬಾಬುಮಿಯಾಗ ಗಾಡಿ ತೆಗೀಲಿಕ್ಕೆ ಹೇಳ್ರಿ. ನಾ ಕಲಬುರಗಿಗಿ ಫೋನ್ ಮಾಡ್ತೀನಿ."

ಅಬ್ದುಲ್ ಕರೀಮ್ ಪ್ಲಾಸ್ಟರಿನ ಕಾಲು ಎತ್ತಿ ಈಚೆ ಇಟ್ಟುಕೊಂಡು, ನಾಗರತ್ನಮ್ಮನ ಕೈಚೀಲ ತಗೊಳ್ಳಲು ದಾರಿ ಮಾಡಿಕೊಟ್ಟ.

ಅಮೃತಪ್ಪ ಹೆಂಡತಿಯನ್ನೇ ನೋಡುತ್ತಿದ್ದ. ಮೂಗಿಗೆ ನಳಿಗೆ ಹಚ್ಚಿದ ಮೇಲೆ ಒಂದಿಷ್ಟು ಮಾತು ಸೇರಿತು.

"ಆಣಿ… ಮುರದಿ."

"ಇಲ್ರಿ," ಎಂದಳು ಅವಳು. "ನಾ ಒಂದು ಮಾತೂ ಹೇಳಿಲ್ಲ. ಡಾಕ್ಟರ್ ಯವ್ವಾ, ನೀವೇ ಹೇಳ್ರಿ, ನಾ ಏನರ ಹೇಳ್ದ್ಯಾ?"

"ಇಲ್ರಿ ಕಾಕಿ, ನೀವು ಬರೇ ಹಾಡೀರಿ," ಎಂದಳು ಲುಂಬಿನಿ ಗಂಭೀರವಾಗಿ. "ಅದೂ ತಪ್ಪು ಹಾಡೀರಿ." ಆಮೇಲೆ ಅಮೃತಪ್ಪನ ಹತ್ತಿರ ಬಗ್ಗಿದಳು. "ಕಾಕಾ, ಪದ ಬರೋಬರಿ ಏನಂತದ? ಬಡಿದ ಮ್ಯಾಲೋ, ಬಡಿಯೂದಕಿಂತ ಮೊದಲೋ?"

ಅಮೃತಪ್ಪ ಸೂರು ನೋಡಿದ. ಎಷ್ಟೋ ಶ್ರಾವಣ ಜನಕ್ಕೆ ಹೇಳಿದ ಮಾತನ್ನು ಯಾರೋ ಮೊದಲ ಸಲ ತನಗೆ ಹೇಳುತ್ತಿದ್ದರು.

"ಮೊದಲ," ಅಂದ.

"ಹಂಗಾದ್ರ ಹೋಗೋಣ ನಡ್ರಿ."

ಸ್ಟ್ರೆಚರಿನ ಮೇಲೆ ಅವನು ಹೆಂಡತಿಯ ಸೆರಗಿನ ತುದಿ ಹಿಡಿದ. "ಮಂಗಳ ಯಾರು ಹಾಡ್ತಾರ?"

"ಹಾಡವರು ಭಾಳ ಮಂದಿ ಅದಾರ್ರಿ," ಎಂದಳು ನಾಗರತ್ನಮ್ಮ. "ತಿದ್ದವರು ಒಬ್ರೇ. ಅವರು ಉಳದ್ರ ಸಾಕು ನನಗ."

ಅದು ಅವನಿಗೆ ಹಿತವಾಯಿತೋ ನೋವಾಯಿತೋ ಹೇಳುವುದು ಕಷ್ಟ. ಕಣ್ಣು ಮುಚ್ಚಿದ. ಈ ಸಲ ಉಸಿರನ್ನು ಹಿಡಿಯಲಿಲ್ಲ, ಅದರ ಪಾಡಿಗೆ ಅದನ್ನು ತೇಕಲು ಬಿಟ್ಟ.

ಲುಂಬಿನಿಯ ಅಂದಾಜು ಸುಳ್ಳಾಗಲಿಲ್ಲ. ಸುಳ್ಳಾಗಿದ್ದರೆ ಎಲ್ಲರಿಗಿಂತ ಹೆಚ್ಚು ಖುಷಿ ಪಡುತ್ತಿದ್ದವಳು ಅವಳೇ. ಕಲಬುರಗಿಯಲ್ಲಿ ಮರುದಿನ ಅಮೃತಪ್ಪನ ಉಸಿರು ಇನ್ನೂ ಕೆಟ್ಟಿತು. ಮುಖದ ತುಂಬ ಮುಖವಾಡ, ಸುತ್ತ ಮಿಣುಕುವ ಯಂತ್ರ. ಊರಲ್ಲಿ ತಾಳ ಇಳಿಸುವ ಹೊತ್ತಿಗೆ ಅವನಿಗೆ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಗುರುಲಿಂಗಯ್ಯ ಹಾಡಿದನಂತೆ. ಎಲ್ಲಿ ಉಸಿರು ತುಂಡಾಯಿತೋ ಅಲ್ಲಿ ನಿಂತು, 'ಇಲ್ಲಿ ಅಮೃತಪ್ಪಣ್ಣ ಇರಬೇಕಿತ್ತು' ಎಂದು ಕಣ್ಣು ಒರೆಸಿಕೊಂಡನಂತೆ. ಮಂಡಳಿಯವರು ಫೋನಿನಲ್ಲಿ ಹೇಳಿದ್ದನ್ನು ನಾಗರತ್ನಮ್ಮ ಕೇಳಿಸಿಕೊಂಡಳು, ಗಂಡನಿಗೆ ಹೇಳಲು ಹೋಗಲಿಲ್ಲ. ಚಿಂಚೋಳಿಯಿಂದ ಬಂದ ಮಗಳು ಅತ್ತಳು, ಇವಳು ಅಳಲಿಲ್ಲ. ಗಾಜಿನ ಬಾಗಿಲ ಹೊರಗೆ ಕೂತು, ಬಿಡುವಾದಾಗ ಬಿಡುವಾದಾಗ ಒಳಗೆ ಬಿಡಿಸಿಕೊಂಡು, ಅವನ ಅಂಗಾಲು ಒತ್ತಿ ಬರುತ್ತಿದ್ದಳು. ಇಲ್ಲಿನ ದೊಡ್ಡ ಡಾಕ್ಟರು, "ಒಂದು ದಿನ ತಡಾ ಆಗಿದ್ರ ಭಾಳ ಕಷ್ಟ ಇತ್ರೀ," ಎಂದಾಗ ಕೈ ಮುಗಿದಳು. ಯಾರಿಗೆ ಮುಗಿದಳು ಎಂದು ಅವರಿಗೆ ಗೊತ್ತಾಗಲಿಲ್ಲ.

ಹೀಗೇ ದಿನ ಕಳೆದು, ಮುಖವಾಡ ಹೋಗಿ ನಳಿಗೆ ಬಂತು, ನಳಿಗೆಯೂ ಹೋಯಿತು. ಕಲ್ಲಿದ್ದ ಪಿತ್ತಕೋಶವನ್ನು ತೆಗೆಯುವುದು ಇನ್ನೂ ಇತ್ತು, ಮೈ ಸುಧಾರಿಸಲಿ ಎಂದರು. ಆದರೆ ಅಮೃತಪ್ಪ ಮಾತಾಡುತ್ತಿರಲಿಲ್ಲ. ಕೇಳಿದರೆ ತಲೆ ಆಡಿಸುತ್ತಿದ್ದ, ಅಷ್ಟೇ. ಯಾರು ಏನು ಮಾಡಿದರೂ ಸರಿ. ಹಾಸಿಗೆ ಸುಕ್ಕಾದರೂ ಸರಿ, ಪಕ್ಕದವನ ರೇಡಿಯೋ ಕಿರುಚಿದರೂ ಸರಿ. ಯಂತ್ರಗಳೆಲ್ಲ ಚಲೋ ಎನ್ನುತ್ತಿದ್ದವು. ನಾಗರತ್ನಮ್ಮನಿಗೆ ಮಾತ್ರ ಇದು ತನ್ನ ಗಂಡ ಅನ್ನಿಸಲೇ ಇಲ್ಲ. ಇಷ್ಟು ಒಳ್ಳೆಯ ಮನುಷ್ಯನ ಜೊತೆ ಅವಳು ಸಂಸಾರ ಮಾಡಿರಲಿಲ್ಲ.

ಕಡೆಗೆ ಒಂದು ಬೆಳಿಗ್ಗೆ ಗಂಜಿ ಕೊಡಬಹುದೆಂದರು. ಅವಳೇ ಬಟ್ಟಲು ಹಿಡಿದು, ಊದಿ ಊದಿ ಆರಿಸಿ, ಒಂದು ಚಮಚ ಅವನ ಬಾಯಿಗೆ ಇಟ್ಟಳು. ಅಮೃತಪ್ಪ ನಾಲಗೆಯ ಮೇಲೆ ಅದನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸಿದ. ನುಂಗಿದ. ಹುಬ್ಬು ಗಂಟಿಕ್ಕಿದ.

"ಯಾರು ಮಾಡ್ಯಾರ ಇದನ್ನ?"

"ದವಾಖಾನ್ಯಾಗ್ರಿ. ಯಾಕ?"

"ಗಂಜಿ ಅಂತಾರೇನು ಇದಕ್ಕ? ಉಪ್ಪಿಲ್ಲ. ಅಕ್ಕಿ ಹುರದಿಲ್ಲ. ನೀರು ಒಂದು ಕಡಿ, ಅಗಳು ಒಂದು ಕಡಿ. ಕರಿ ಅವರಿಗಿ, ನಾ ಹೇಳ್ತೀನಿ ಹ್ಯಾಂಗ ಮಾಡಬೇಕಂತ."

ಬಾಗಿಲಲ್ಲಿದ್ದ ನರ್ಸು ಮುಖ ಗಂಟಿಕ್ಕಿ, "ಏನ್ರಿ ಅಮ್ಮಾ, ಯಜಮಾನರು ಬಂದು ಇಷ್ಟು ದಿನಕ್ಕ ಇವತ್ತ ಬಾಯಿ ಬಿಟ್ಟಾರ, ಅದೂ ಬೈಲಿಕ್ಕೆ!" ಎಂದಳು.

ನಾಗರತ್ನಮ್ಮ ಬಟ್ಟಲು ಅಲ್ಲೇ ಇಟ್ಟು, ಚಮಚ ತೊಳೆದು ಬರುತ್ತೇನೆಂದು ವರಾಂಡದ ತುದಿಯ ನಳಕ್ಕೆ ಹೋದಳು. ಚಮಚ ಸ್ವಚ್ಛವಾಗಿಯೇ ಇತ್ತು. ನೀರು ಜೋರಾಗಿ ಬಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು, ಒಳಗಿನಿಂದ "ಏ, ಎಲ್ಲಿ ಹೋದಿ? ಆರ್‍ಲಿಕತ್ತದ ಇಲ್ಲಿ!" ಎಂದು ಎರಡು ಸಲ ಕೂಗು ಬರುವವರೆಗೂ ಅವಳು ಅಳುತ್ತ ನಿಂತಿದ್ದಳು.